ಪಣಕ್ಕೆ ಬಿದ್ದವರು

1948ರ ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ನಿಜಾಮನ ರಾಜ್ಯದೊಳಕ್ಕೆ ನುಗ್ಗಿತು. 17ಕ್ಕೆ ಹೈದರಾಬಾದ್ ಶರಣಾಯಿತು. 'ಪೊಲೀಸ್ ಆ್ಯಕ್ಷನ್' ಎನಿಸಿಕೊಂಡ ಈ ಕಾರ್ಯಾಚರಣೆಗೆ ಇಟ್ಟಿದ್ದ ಹೆಸರು ಒಂದು ಆಟದ್ದು: 'ಪೋಲೊ'. ನಿಜಾಮನ ಪರ ನಿಂತಿದ್ದ ರಜಾಕಾರರ ಪಡೆಯ ಹಾವಳಿಗೆ ಬಸವಳಿದಿದ್ದ ಊರುಗಳಿಗೆ ಅದು ಬಿಡುಗಡೆಯೇ. ಆದರೆ ಅದರ ಬೆನ್ನಿಗೇ ನಡೆದ ಹಿಂಸೆಯನ್ನು ವಿಚಾರಿಸಿದ ಪಂಡಿತ ಸುಂದರಲಾಲ್ ಸಮಿತಿ, ಸತ್ತವರು 27ರಿಂದ 40 ಸಾವಿರ ಎಂದು ಅಂದಾಜಿಸಿ, ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಬೀದರ್, ಗುಲ್ಬರ್ಗಾಗಳನ್ನೂ ಹೆಸರಿಸಿತು. ಆ ವರದಿ ದಶಕಗಟ್ಟಲೆ ಹೊರಬರಲಿಲ್ಲ.

ಯುದ್ಧವನ್ನು ಆಟ ಅನ್ನಬಹುದೇ? ಬ್ರಹ್ಮಸೂತ್ರ ಸೃಷ್ಟಿಯನ್ನೇ ಲೀಲೆ ಎನ್ನುತ್ತದೆ. ಆದರೆ ಅದು ಏನೂ ಬೇಕಿಲ್ಲದವನ ಲೀಲೆ, ಯಾವ ಲಾಭಕ್ಕೂ ಆಡಿದ್ದಲ್ಲ. ನೆಲದ ಹಸಿವಿಗೆ ಈ ಮಾತನ್ನು ಹೊದಿಸುವವರು ಹಸಿವನ್ನಷ್ಟೇ ಮರೆಮಾಚುತ್ತಾರೆ.

ಹಾಗೆಂದು ಮಕ್ಕಳಾಟ ಪರಮಪವಿತ್ರವೇನಲ್ಲ. ಕುಂಟೆಬಿಲ್ಲೆಯನ್ನೇ ನೋಡಿ. ಎಲ್ಲ ಮನೆ ದಾಟಿದವಳು ಬೆನ್ನು ತಿರುಗಿಸಿ ಬಿಲ್ಲೆ ಎಸೆಯುತ್ತಾಳೆ. ಅದು ಬಿದ್ದ ಮನೆ ಅವಳದು. ಅಲ್ಲಿ ಅವಳು ಎರಡೂ ಕಾಲೂರಿ ನಿಲ್ಲಬಹುದು, ಉಳಿದವರು ಹಾರಿ ದಾಟಬೇಕು. ಒಂದೊಂದೇ ಮನೆ ಕಬಳಿಸುತ್ತಾ ಹೋದರೆ ಎದುರಾಳಿಗೆ ಕಾಲಿಡಲು ಜಾಗವಿಲ್ಲ. ಅಪ್ಪಟ ರಾಜ್ಯವಿಸ್ತಾರ! ಆದರೂ ಸೋತವಳು ಒಪ್ಪಿ ಆಡಿದವಳು. ಬೇಡವೆನಿಸಿದರೆ ಮನೆಗೆ ಹೋಗಬಹುದು.

ದ್ಯೂತಸಭೆಯಲ್ಲಿ ದ್ರೌಪದಿಗೆ ಆ ದಾರಿ ಇರಲಿಲ್ಲ. ಅವಳು ಆಡಿದವಳಲ್ಲ, ಪಣಕ್ಕೆ ಬಿದ್ದವಳು. ತನ್ನನ್ನೇ ಮೊದಲು ಸೋತ ಧರ್ಮರಾಯನಿಗೆ ನನ್ನನ್ನು ಒಡ್ಡುವ ಹಕ್ಕೆಲ್ಲಿಯದು ಎಂದು ಕೇಳಿದಳು. ಭೀಷ್ಮರು ಧರ್ಮ ಸೂಕ್ಷ್ಮವೆಂದು ಜಾರಿಕೊಂಡರು.

ಯುದ್ಧ ಮಕ್ಕಳನ್ನೂ ಹೀಗೆಯೇ ಪಣಕ್ಕೊಡ್ಡುತ್ತದೆ. ಬೆಲ್ಜಿಯಂನಲ್ಲಿ ಹುಟ್ಟಿ ಮೆಕ್ಸಿಕೊದಲ್ಲಿ ನೆಲೆಸಿದ ಕಲಾವಿದ ಫ್ರಾನ್ಸಿಸ್ ಅಲೀಸ್ 1999ರಿಂದ ಲೋಕದ ಮಕ್ಕಳಾಟಗಳನ್ನು ಚಿತ್ರೀಕರಿಸುತ್ತಿದ್ದಾರೆ. 2017ರ ಮೊಸುಲ್‌ನಲ್ಲಿ ಅವರು ಹುಡುಗರ ಚೆಂಡಿಲ್ಲದ ಫುಟ್‌ಬಾಲ್ ಕಂಡರು. ಐಸಿಸ್ ಆ ಆಟವನ್ನು ನಿಷೇಧಿಸಿತ್ತು. ಇಲ್ಲದ ಚೆಂಡಿಗೆ ಒದೆತ, ಗೋಲು, ಕುಣಿತ. 2023ರ ಉಕ್ರೇನಿನಲ್ಲಿ ಹುಡುಗರು ಮರದ ಬಂದೂಕು ಹಿಡಿದು ತಪಾಸಣಾ ಠಾಣೆಯ ಆಟವಾಡುತ್ತಾರೆ. ಕಾರು ತಡೆದು ಸಂಕೇತಪದ ಕೇಳುತ್ತಾರೆ. ಎರಡನೆಯದು ನೋಡುವವರನ್ನು ಕಂಗೆಡಿಸುತ್ತದೆ: ಇದು ಭಯ ಕಳೆಯುವ ಆಟವೋ, ನಾಳಿನ ತಾಲೀಮೋ? ಅಲೀಸ್ ತೀರ್ಪು ಕೊಡುವುದಿಲ್ಲ. ಅದೇ ಅವರ ಹೆಚ್ಚುಗಾರಿಕೆ. ಪಣಕ್ಕೆ ಬಿದ್ದ ಮಕ್ಕಳು ಅಷ್ಟು ಹೊತ್ತಾದರೂ ನಿಯಮ ಮಾಡುವವರಾಗುತ್ತಾರೆ.

ಗಡಿ ಗೀಚಲು ಯುದ್ಧವೇ ಬೇಕೆಂದೇನಿಲ್ಲ. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆ ಬೀದರ್ ಜಿಲ್ಲೆಯ ನಾರಾಯಣಖೇಡ ತಾಲ್ಲೂಕನ್ನೂ, ನಿರ್ಣಾ ವಲಯ ಬಿಟ್ಟು ಉಳಿದ ಜಹೀರಾಬಾದ್ ತಾಲ್ಲೂಕನ್ನೂ, ಗುಲ್ಬರ್ಗಾ ಜಿಲ್ಲೆಯ ತಾಂಡೂರನ್ನೂ ಆಂಧ್ರಪ್ರದೇಶಕ್ಕೆ ಕೊಟ್ಟಿತು. ಅದಕ್ಕೆ ಮೊದಲು ರಾಜ್ಯಗಳ ಮರುವಿಂಗಡಣೆಯನ್ನು ಪರಿಶೀಲಿಸಿದ ಫಜಲ್ ಅಲಿ ಆಯೋಗ ಮನವಿಗಳನ್ನು ಪಡೆದಿತ್ತು, ನಿಜ. ಆದರೂ ಕನ್ನಡ ಮಾತಾಡುವ ಮನೆಗಳು ಗೆರೆಯ ಆಚೆ ಉಳಿದವು. 2014ರಲ್ಲಿ ಈ ಊರುಗಳ ರಾಜ್ಯ ಮತ್ತೆ ಬದಲಾಗಿ ತೆಲಂಗಾಣವಾಯಿತು. 2016ರಲ್ಲಿ ಜಹೀರಾಬಾದ್, ನಾರಾಯಣಖೇಡ ಸಂಗಾರೆಡ್ಡಿ ಜಿಲ್ಲೆಗೂ, ತಾಂಡೂರು ವಿಕಾರಾಬಾದಿಗೂ ಸೇರಿದವು. ಪೊಲೀಸ್ ಆ್ಯಕ್ಷನ್‌ಗೆ ಮೊದಲು ಈ ಊರುಗಳಲ್ಲಿ ಹುಟ್ಟಿ ಎಲ್ಲೂ ಹೋಗದೆ ಉಳಿದ ಅಜ್ಜಿ ನಿಜಾಮನ ಪ್ರಜೆ, ಹೈದರಾಬಾದ್ ರಾಜ್ಯದವಳು, ಆಂಧ್ರದವಳು, ತೆಲಂಗಾಣದವಳು, ಹೀಗೆ ನಾಲ್ಕೂ ಆಗಿದ್ದಾಳೆ.