ಸ್ಲೈಡರಿನ ಆ ತುದಿ

ಏಪ್ರಿಲ್ ರಜೆಗೆ ಅಕ್ಕನ ಮಗಳು ನಮ್ಮನೆಗೆ ಬಂದಿದ್ದಳು. ಹತ್ತು ವರ್ಷದವಳು. ಒಂದು ಶನಿವಾರ ರಾತ್ರಿ ಊಟ ಮುಗಿಸಿ ನಾನು 'ಎಲ್ಡನ್ ರಿಂಗ್' ಗೇಮಲ್ಲಿ ಹೊಸ ಪಾತ್ರ ಮಾಡ್ತಾ ಕೂತಿದ್ದೆ. ಈ ಗೇಮ್ ಆಡಿದವರಿಗೆ ಗೊತ್ತು, ಆಟಕ್ಕೆ ಇಳಿಯೋಕೆ ಮುಂಚೆ ಮುಖ ಮಾಡೋದೇ ಒಂದು ದೊಡ್ಡ ಕೆಲಸ. ದವಡೆ ಎಷ್ಟು ಅಗಲ, ಮೂಗು ಎಷ್ಟು ಎತ್ತರ, ಕಣ್ಣುಗಳ ನಡುವೆ ಎಷ್ಟು ಜಾಗ, ವಯಸ್ಸು ಎಷ್ಟು ಕಾಣಬೇಕು, ಎಲ್ಲಕ್ಕೂ ಒಂದೊಂದು ಸ್ಲೈಡರ್. ಮುಕ್ಕಾಲು ಗಂಟೆ ಎಳೆದಾಡಿ ಒಂದು ಮುಖ ನಿಲ್ಲಿಸಿದ್ದೆ.

ಅವಳು ಪಕ್ಕದಲ್ಲಿ ಬಂದು ಕೂತಳು. "ಇದ್ಯಾರು ಮಾವ?"

"ನಾನೇ ಕಣೇ."

ಅವಳು ಸ್ಕ್ರೀನ್ ನೋಡಿದಳು, ನನ್ನ ನೋಡಿದಳು, ಮತ್ತೆ ಸ್ಕ್ರೀನ್ ನೋಡಿದಳು. "ಸುಳ್ಳು. ನೀನು ಕಪ್ಪಗಿದೀಯ."

ಅವಳು ಬೈದಿದ್ದಲ್ಲ, ಅಣಕಿಸಿದ್ದೂ ಅಲ್ಲ. ನಮ್ಮ ಟೀಮಲ್ಲಿ ಕೋಡ್ ರಿವ್ಯೂ ಮಾಡೋರು ಹೇಳೋ ಹಾಗೆ, ಇಲ್ಲೊಂದು ತಪ್ಪಿದೆ ನೋಡು ಅಂತ ಹೇಳಿದ್ದು ಅಷ್ಟೇ. ನಾನು ನಕ್ಕು, "ಗೇಮಲ್ಲಿ ಹಂಗೇ ಕಣೇ" ಅಂದೆ. ಆದರೆ ಆ ರಾತ್ರಿ ಮಲಗಿದ ಮೇಲೂ ಆ ಮಾತು ಹೋಗಲಿಲ್ಲ. ಯಾಕೆಂದರೆ ಹದಿನೈದು ವರ್ಷದಿಂದ ಗೇಮ್ ಆಡ್ತಿದೀನಿ. ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ 'ಸ್ಕೈರಿಮ್' ಆಡಿದಾಗಿಂದ ಇಲ್ಲಿವರೆಗೆ ನಾನು ಮಾಡಿದ ಯಾವ ಪಾತ್ರವೂ ನನ್ನ ಬಣ್ಣದ್ದಲ್ಲ. ಒಂದೂ ಅಲ್ಲ.

ಗೇಮ್ ಆಡುವವರು ಮುಖ ಮಾಡುವ ರೀತಿಯಲ್ಲಿ ಒಂದಿಷ್ಟು ಜಾತಿಗಳಿವೆ. ಆಫೀಸಿನ ಗೆಳೆಯರನ್ನೇ ನೋಡಿ ಹೇಳ್ತೀನಿ. ಒಬ್ಬ ತನ್ನನ್ನೇ ಮಾಡ್ತಾನೆ, ಕನ್ನಡಕ, ಕುರುಚಲು ಗಡ್ಡ ಸಮೇತ. ಇನ್ನೊಬ್ಬ ತಾನು ಆಗಬೇಕಿದ್ದವನನ್ನು ಮಾಡ್ತಾನೆ: ಆರಡಿ ಎತ್ತರ, ಹೊಟ್ಟೆ ಇಲ್ಲ, ತಲೆತುಂಬಾ ಕೂದಲು. ಮೂರನೆಯವನು ಯಾವಾಗಲೂ ಹೆಣ್ಣು ಪಾತ್ರ ಮಾಡ್ತಾನೆ. ಕೇಳಿದರೆ, "ಅರವತ್ತು ಗಂಟೆ ಯಾರದೋ ಬೆನ್ನು ನೋಡ್ತಾ ಕೂರಬೇಕು ಗುರು, ನೋಡೋಕೆ ಚೆನ್ನಾಗಿರಲಿ" ಅಂತಾನೆ. ನಾಲ್ಕನೆಯವಳು ರ್‍ಯಾಂಡಮ್ ಬಟನ್ ಒತ್ತಿ, ಬಂದ ಮುಖವನ್ನೇ ಹೊತ್ತುಕೊಂಡು ನಡೀತಾಳೆ. ಕಷ್ಟಪಟ್ಟು ಮಾಡಿದ ಮುಖದ ಮೇಲೆ ಹತ್ತೇ ನಿಮಿಷಕ್ಕೆ ಕಬ್ಬಿಣದ ಶಿರಸ್ತ್ರಾಣ ಹಾಕ್ತೀವಿ ಅನ್ನೋದು ಬೇರೆ ಮಾತು. 2020ರಲ್ಲಿ ಬಂದ 'ಸೈಬರ್‌ಪಂಕ್ 2077' ಅನ್ನು ಪಾತ್ರದ ಕಣ್ಣಿನಿಂದಲೇ ಆಡೋದು. ನಮ್ಮ ಮುಖ ನಮಗೆ ಕಾಣೋದು ಕನ್ನಡಿ ಮುಂದೆ ನಿಂತಾಗ, ಫೋಟೋ ತೆಗೆದಾಗ. ಆದರೂ ಗಂಟೆಗಟ್ಟಲೆ ಕೂತು ಮುಖ ತಿದ್ದಿದವರು ಎಷ್ಟು ಜನ! ಅಂದಮೇಲೆ ಇದು ಬರೀ ನೋಡುವ ವಿಷಯ ಅಲ್ಲ. ನಾನು ಯಾರು ಅಂತ ಒಳಗೊಳಗೇ ಒಪ್ಪಿಕೊಂಡು ಆಟಕ್ಕೆ ಇಳಿಯುವ ವಿಷಯ.

ಆ ಒಪ್ಪಿಗೆ ನಮ್ಮನ್ನು ಬದಲಿಸುತ್ತದೆ ಕೂಡ. ಸ್ಟ್ಯಾನ್‌ಫರ್ಡಿನ ನಿಕ್ ಯೀ ಮತ್ತು ಜೆರೆಮಿ ಬೈಲೆನ್ಸನ್ 2007ರಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ವರ್ಚುವಲ್ ಲೋಕದಲ್ಲಿ ಸುಂದರ ಮುಖ ಸಿಕ್ಕವರು ಎದುರಿನವರ ಹತ್ತಿರಕ್ಕೆ ಹೋಗಿ ನಿಂತರು, ತಮ್ಮ ಬಗ್ಗೆ ಹೆಚ್ಚು ಹೇಳಿಕೊಂಡರು. ಎತ್ತರದ ಮೈ ಸಿಕ್ಕವರು ದುಡ್ಡು ಹಂಚಿಕೊಳ್ಳುವ ಆಟದಲ್ಲಿ ಗಟ್ಟಿಯಾಗಿ ಚೌಕಾಸಿ ಮಾಡಿದರು. ಬೇಕಾದ ರೂಪ ತಾಳುವ ಗ್ರೀಕ್ ದೇವರ ಹೆಸರಿನಲ್ಲಿ ಇದನ್ನು ಪ್ರೋಟಿಯಸ್ ಪರಿಣಾಮ ಅಂತ ಕರೆದರು. ವೇಷ ನಾವು ಹಾಕ್ತೀವಿ, ಆಮೇಲೆ ವೇಷ ನಮ್ಮನ್ನು ಆಡಿಸುತ್ತೆ.

ಇಲ್ಲಿಗೆ ನನ್ನ ಪ್ರಶ್ನೆ ಬಂತು. ಬೇಕಾದ ಮುಖ ಮಾಡಿಕೋ ಅಂತ ಪೂರ್ತಿ ಸ್ವಾತಂತ್ರ್ಯ ಕೊಟ್ಟಾಗ, ನಾನು ಪ್ರತಿ ಸಲ ಬಣ್ಣದ ಸ್ಲೈಡರನ್ನು ಅದೇ ತುದಿಗೆ ಎಳೆದರೆ, ಅದು ನನ್ನ ಇಷ್ಟವಾ? ಅಥವಾ ಬೇರೆ ಯಾರೋ ನನ್ನ ಕೈ ಹಿಡಿದು ಎಳೀತಿದ್ದಾರಾ?

"ಅಯ್ಯೋ, ಗೇಮ್ ಗೇಮೇ ಬಿಡಯ್ಯ" ಅಂತ ನೀವು ಹೇಳಬಹುದು. ಈ ಮಾತಿನಲ್ಲಿ ಹುರುಳಿದೆ. ಆಟ ಅಂದರೆ ನಮ್ಮಿಂದ ನಮಗೆ ಸಿಗುವ ರಜೆ. ದಿನವಿಡೀ ಇದೇ ಮುಖ ಹೊತ್ತು ಮೀಟಿಂಗಿನಲ್ಲಿ ಕೂತವನು ರಾತ್ರಿ ಎರಡು ಗಂಟೆ ಇನ್ನೊಬ್ಬನಾದರೆ ಯಾರಿಗೇನು ನಷ್ಟ? ನಾನು ಡ್ರ್ಯಾಗನ್ ಕೊಲ್ಲುವವನೂ ಅಲ್ಲ, ಅದನ್ನು ಯಾರೂ ಸುಳ್ಳು ಅನ್ನಲ್ಲ. ಆದರೆ ಒಂದು ವ್ಯತ್ಯಾಸ ಇದೆ. ಆಟದಲ್ಲಿ ನಾನು ಕಳ್ಳನಾಗಿದೀನಿ, ಮಂತ್ರವಾದಿಯಾಗಿದೀನಿ, ಒಂದು ಸಲ ಹಲ್ಲಿಮುಖದವನೂ ಆಗಿದೀನಿ. ಕೆಲಸ, ಕುಲ, ಪ್ರಾಣಿ, ಎಲ್ಲದರಲ್ಲೂ ದಿಕ್ಕು ದಿಕ್ಕಿಗೆ ಓಡಾಡಿದೀನಿ. ಮನುಷ್ಯನ ಮೈಬಣ್ಣಕ್ಕೆ ಬಂದಾಗ ಮಾತ್ರ ಒಂದೇ ದಿಕ್ಕು. ಪ್ರತಿ ರಜೆಗೂ ಒಂದೇ ಊರಿಗೆ ಹೋಗಿ, ತಿರುಗಿ ಬರೋಕೆ ಮನಸ್ಸಿಲ್ಲ ಅಂದರೆ ಅದು ರಜೆಯಲ್ಲ, ವಲಸೆ.

ನನ್ನ ಕೆಲಸದ ಭಾಷೆಯಲ್ಲಿ ಹೇಳೋದಾದರೆ ಇದು ಡೀಫಾಲ್ಟ್ ವ್ಯಾಲ್ಯೂ. ಸಾಫ್ಟ್‌ವೇರ್ ಬರೆಯೋರಿಗೆ ಗೊತ್ತು, ಸೆಟ್ಟಿಂಗ್ಸ್‌ನಲ್ಲಿ ಮೊದಲೇ ಏನು ಹಾಕಿರ್ತೀವೋ ಬಹಳಷ್ಟು ಜನ ಅದನ್ನು ಮುಟ್ಟೋದೇ ಇಲ್ಲ. ನನ್ನೊಳಗೂ ಯಾರೋ ಒಂದು ಡೀಫಾಲ್ಟ್ ಬರೆದಿಟ್ಟಿದ್ದಾರೆ. ಊರಲ್ಲಿ ಮಗು ಹುಟ್ಟಿದ ಸುದ್ದಿ ಬಂದರೆ ಹೆಣ್ಣೋ ಗಂಡೋ ಅಂತ ಕೇಳಿದ ಮೇಲಿನ ಎರಡನೇ ಪ್ರಶ್ನೆ, "ಬಣ್ಣ ಹೆಂಗದೆ?" ನನಗೆ ಹೆಣ್ಣು ನೋಡುವ ಕಾಲಕ್ಕೆ ಸ್ಟುಡಿಯೋದ ಹುಡುಗ, ನಾನು ಕೇಳದೇ, ಫೋಟೋದಲ್ಲಿ ನನ್ನನ್ನು ಬೆಳ್ಳಗೆ ಮಾಡಿ ಕೊಟ್ಟ. ಅದಕ್ಕೆ ಬೇರೆ ದುಡ್ಡೂ ತಗೊಳ್ಳಲಿಲ್ಲ. ನಾನು ಥ್ಯಾಂಕ್ಸ್ ಹೇಳಿ ಬಂದೆ! 'ಫೇರ್ ಅಂಡ್ ಲವ್ಲಿ' 2020ರಲ್ಲಿ 'ಗ್ಲೋ ಅಂಡ್ ಲವ್ಲಿ' ಆಯಿತು. ಟ್ಯೂಬಿನ ಮೇಲಿನ ಹೆಸರು ಬದಲಾಗೋಕೆ ಒಂದು ಆದೇಶ ಸಾಕು. ನನ್ನ ಬೆರಳಿಗೆ ಅಂಥ ಆದೇಶ ಯಾರು ಕೊಡಬೇಕು?

ಗೇಮ್ ಮಾಡುವವರು ಈ ಮುಖದ ಪ್ರಶ್ನೆಯನ್ನು ಬೇರೆ ಬೇರೆ ಥರ ಹಿಡಿದಿದ್ದಾರೆ. 2013ರಲ್ಲಿ 'ಜಿಟಿಎ ಆನ್‌ಲೈನ್' ಬಂದಾಗ ಮುಖ ನೇರವಾಗಿ ಮಾಡಿಕೊಳ್ಳೋ ಹಾಗಿರಲಿಲ್ಲ. ತಾಯಿ ಕಡೆಯ ಅಜ್ಜಿ ತಾತ, ತಂದೆ ಕಡೆಯ ಅಜ್ಜಿ ತಾತ ಯಾರು ಅಂತ ಆರಿಸಬೇಕಿತ್ತು. ಅವರ ಮುಖಗಳಿಂದ ನಿಮ್ಮ ಮುಖ ಬರ್ತಿತ್ತು. ಬೇಕಾದ ಹಾಗೆ ಬರಲ್ಲ ಅಂತ ಆಗ ನಾನೂ ಬೈದಿದ್ದೆ. ಈಗ ಅನ್ನಿಸುತ್ತೆ, ನಮ್ಮವ್ವ ಹೇಳೋದೂ ಅದೇ ಅಲ್ವಾ? "ನಿಂದು ನಿಮ್ಮಪ್ಪನ ಮೂಗು, ನಿಮ್ಮ ತಾತನ ಬಣ್ಣ." ತಾತ ರಾಗಿ ಹೊಲದಲ್ಲೇ ಬಾಳಿದವರು. ಅವರ ಒಂದೇ ಒಂದು ಫೋಟೋನೂ ನಮ್ಮನೆಯಲ್ಲಿಲ್ಲ. ಅವರ ಬಣ್ಣ ಹೆಂಗಿತ್ತು ಅನ್ನೋದಕ್ಕೆ ಉಳಿದಿರುವ ಸಾಕ್ಷಿ ನನ್ನ ಮೈ ಮಾತ್ರ. ಅದನ್ನು ನಾನು ಪ್ರತಿ ಗೇಮಲ್ಲೂ ಮೊದಲ ನಿಮಿಷಕ್ಕೇ ಅಳಿಸ್ತಿದ್ದೆ.

'ರಸ್ಟ್' ಅನ್ನೋ ಗೇಮ್ ಇನ್ನೂ ಕಠಿಣ. 2015ರಲ್ಲಿ ಅದರಲ್ಲಿ ಮುಖ, ಮೈಬಣ್ಣ ಆಟಗಾರನ ಸ್ಟೀಮ್ ಐಡಿಗೆ ಅಂಟಿಕೊಂಡು ಲಾಟರಿ ಹೊಡೆದ ಹಾಗೆ ಬರುವಂತೆ ಮಾಡಿದರು. 2016ರಲ್ಲಿ ಗಂಡೋ ಹೆಣ್ಣೋ ಅನ್ನೋದೂ ಲಾಟರಿಗೆ ಸೇರಿತು. ಬದಲಿಸೋ ಹಾಗಿಲ್ಲ. ಕೆಲವರು ರೇಗಿದರು. ಅವರ ಸಿಟ್ಟು ನನಗೆ ಅರ್ಥವಾಗುತ್ತೆ, ದುಡ್ಡು ಕೊಟ್ಟು ತಗೊಂಡ ಆಟದಲ್ಲೂ ನನ್ನಿಷ್ಟ ನಡೆಯಲ್ವಾ ಅಂತ. ಆದರೆ ಹುಟ್ಟು ಅನ್ನೋದು ಇರೋದೇ ಹಾಗೆ. ಕೇಳದೇ ಬಂದ ಮುಖ, ಆಮೇಲೆ ಅದನ್ನಿಟ್ಟುಕೊಂಡು ಆಟ. ಒಂದೇ ವ್ಯತ್ಯಾಸ, 'ರಸ್ಟ್'ನಲ್ಲಿ ಯಾವ ಬಣ್ಣ ಬಂದರೂ ಕಲ್ಲು ಒಡೆಯುವ ಶಕ್ತಿ ಅಷ್ಟೇ, ಹಸಿವೂ ಅಷ್ಟೇ. ಹೊರಗಿನ ಲೋಕದ ಕೋಡ್ ಅಷ್ಟು ನ್ಯಾಯವಾಗಿ ಬರೆದಿಲ್ಲ.

ಹಾಗಂತ ಎಲ್ಲರೂ ತಮ್ಮ ಮುಖವನ್ನೇ ಮಾಡಬೇಕು ಅಂತ ನಾನು ಹೇಳ್ತಿಲ್ಲ. ಹೊರಗೆ ತಾನು ಯಾರು ಅಂತ ಹೇಳಿಕೊಳ್ಳೋಕಾಗದ ಎಷ್ಟೋ ಜನಕ್ಕೆ ಗೇಮಿನ ಮುಖವೇ ಮೊದಲ ನಿಜವಾದ ಮುಖ. ಅವರಿಗೆ ಅದು ಬಿಡುಗಡೆ. ಎರಡು ಕೈಗಳೂ ಎಳೆಯೋದು ಒಂದೇ ಸ್ಲೈಡರನ್ನು, ಒಂದು ತನ್ನ ಕಡೆಗೆ, ಇನ್ನೊಂದು ತನ್ನಿಂದ ದೂರಕ್ಕೆ. ಯಾವುದು ಯಾವುದು ಅಂತ ಹೊರಗೆ ನಿಂತವರು ಹೇಳೋಕಾಗಲ್ಲ. ಎಳೆಯುವವನಿಗೆ ಮಾತ್ರ ಗೊತ್ತಿರುತ್ತೆ, ಅದೂ ಒಂದು ಹತ್ತು ವರ್ಷದ ಹುಡುಗಿ ಬಂದು ಕೇಳಿದರೆ.

ಮಾರನೇ ದಿನ ಅವಳು ನನ್ನ ಲ್ಯಾಪ್‌ಟಾಪಿನಲ್ಲಿ 'ಸಿಮ್ಸ್ 4' ಆಡಬೇಕು ಅಂದಳು. ಆ ಗೇಮಿಗೆ 2020ರ ಡಿಸೆಂಬರಿನಲ್ಲಿ ನೂರಕ್ಕೂ ಹೆಚ್ಚು ಹೊಸ ಮೈಬಣ್ಣ ಸೇರಿಸಿದ್ದಾರೆ. ಹುಡುಕಿದರೆ ಅವಳ ಬಣ್ಣ, ನನ್ನ ಬಣ್ಣ ಎರಡೂ ಸಿಗುತ್ತೆ. ಅವಳೂ ನನ್ನ ಹಾಗೇ, ತಾತನ ಬಣ್ಣದವಳು. ಅರ್ಧ ಗಂಟೆ ಬಿಟ್ಟು ಹೋಗಿ ನೋಡಿದೆ. ಎರಡು ಜಡೆ, ಹಳದಿ ಫ್ರಾಕು, ಹಾಲಿನಂಥ ಮೈ.

"ಇದ್ಯಾರು?"

"ನಾನೇ" ಅಂದಳು. ನಾನು ಬಾಯಿ ತೆರೆಯೋಕೆ ಮುಂಚೆ, "ಗೇಮಲ್ಲಿ ಹಂಗೇ ಅಲ್ವಾ ಮಾವ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನೀನು ಹೇಗಿದೀಯೋ ಹಾಗೇ ಚೆನ್ನಾಗಿದೀಯ ಅಂತ ಭಾಷಣ ಮಾಡೋಕೆ ನನಗ್ಯಾವ ಯೋಗ್ಯತೆ? ಅವಳ ಕೈಯಲ್ಲಿದ್ದ ಡೀಫಾಲ್ಟಿಗೆ ಹಿಂದಿನ ರಾತ್ರಿ ನಾನೂ ಒಂದು ಸಾಲು ಬರೆದು ಸೇರಿಸಿದ್ದೆ.

ಆ ಸಂಜೆ 'ಎಲ್ಡನ್ ರಿಂಗ್' ತೆಗೆದು ಹೊಸ ಪಾತ್ರ ಶುರು ಮಾಡಿದೆ. ಈ ಸಲ ನಾನೇ. ಕಷ್ಟ ಸ್ವಾಮಿ! ನನ್ನ ಮೂಗು ಹೆಂಗಿದೆ ಅಂತಾನೇ ಸರಿಯಾಗಿ ಗೊತ್ತಿರಲಿಲ್ಲ. ಎರಡು ಸಲ ಎದ್ದು ಬಚ್ಚಲುಮನೆ ಕನ್ನಡಿಗೆ ಹೋಗಿ ನೋಡಿ ಬಂದೆ. ಬಣ್ಣಕ್ಕೆ ಬಂದಾಗ ಬೆರಳು ತಾನಾಗೇ ಹಳೇ ಕಡೆಗೆ ಹೋಯ್ತು, ವಾಪಸ್ ಎಳೆದೆ. ಅವಳು ಪಕ್ಕದಲ್ಲಿ ಕೂತು, "ಇನ್ನೂ ಸ್ವಲ್ಪ ಕಪ್ಪು... ಹ್ಞೂಂ, ಈಗ ನೀನೇ. ಮೂಗು ಇನ್ನೂ ದಪ್ಪ" ಅಂತ ಸೂಪರ್‌ವೈಸ್ ಮಾಡಿದಳು. ಹೊರಗೆ ಬಯಲಿಗೆ ಕಾಲಿಟ್ಟ ಕೂಡಲೇ ಕುದುರೆ ಮೇಲಿನ ಆ ಚಿನ್ನದ ಕವಚದವನು ಎರಡೇ ಏಟಿಗೆ ನನ್ನನ್ನು ಕೊಂದ. ಹಿಂದಿನ ಬೆಳ್ಳನೆ ಮುಖದವನನ್ನೂ ಹೀಗೇ ಕೊಂದಿದ್ದ. ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ಅವಳ ಹಳದಿ ಫ್ರಾಕಿನ ಹುಡುಗಿ ಇನ್ನೂ ನನ್ನ ಲ್ಯಾಪ್‌ಟಾಪಿನಲ್ಲೇ ಇದಾಳೆ, ಅದೇ ಬಣ್ಣದಲ್ಲಿ. ನಾನು ಮುಟ್ಟಿಲ್ಲ, ಅದು ಅವಳದ್ದು. ದಸರಾ ರಜೆಗೆ ಮತ್ತೆ ಬರ್ತಾಳೆ. ಅಷ್ಟರೊಳಗೆ ನನ್ನವನು ಆ ಕುದುರೆ ಸವಾರನನ್ನು ಗೆದ್ದಿರಬೇಕು, ಇದೇ ಮೂಗು, ಇದೇ ಬಣ್ಣದಲ್ಲಿ. ಅವಳಿಗೆ ತೋರಿಸೋಕೆ ನನ್ನ ಹತ್ತಿರ ಇರೋದು ಅದೊಂದೇ.