‘ಬನ್ನಿ, ಸುಮ್ಮನೆ ಕೂತಿರಿ ಸಾಕು’

ಅಮೆರಿಕದ ಕನ್ನಡ ಕೂಟದ ಯುಗಾದಿ ಕಾರ್ಯಕ್ರಮ ನಿಗದಿಯಾದೊಡನೆ ಕಾಯಿಲೆಯವರ ಮನೆಗೊಂದು ಫೋನ್ ಬರುತ್ತದೆ. ‘ನೀವೇನೂ ಮಾಡೋದು ಬೇಡ. ಬನ್ನಿ, ಸುಮ್ಮನೆ ಕೂತಿರಿ ಸಾಕು.’ ಕರೆಯುವವರ ಮನಸ್ಸು ಒಳ್ಳೆಯದೇ. ಆದರೆ ಕ್ರಾನಿಕ್ ಫಟೀಗ್ ಸಿಂಡ್ರೋಮ್, ಅಂದರೆ ಎಂಇ/ಸಿಎಫ್‌ಎಸ್ ಇರುವವರಿಗೆ ಕೂತಿರುವುದೇ ಒಂದು ಕೆಲಸ. ನೆಟ್ಟಗೆ ಕೂತರೆ ಹಲವರಿಗೆ ತಲೆ ತಿರುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಮೈಕಿನ ಸದ್ದು, ಕಣ್ಣಿಗೆ ಹೊಡೆಯುವ ಬೆಳಕು, ‘ಏನ್ರೀ, ಹೀಗೆ ಇಳಿದುಹೋಗಿದ್ದೀರಲ್ಲ’ ಎಂಬ ವಿಚಾರಣೆ, ಎಲ್ಲದಕ್ಕೂ ಮೈಯೇ ದಂಡ ತೆರಬೇಕು. ಅದೂ ಅಂದೇ ಅಲ್ಲ. ಅರ್ಧ ದಿನವೋ ಎರಡು ದಿನವೋ ಕಳೆದ ಮೇಲೆ ಮೈ ಕುಸಿಯುತ್ತದೆ. ವಾರಗಟ್ಟಲೆ ಚೇತರಿಸಿಕೊಳ್ಳದಿರುವುದೂ ಉಂಟು. ಶನಿವಾರ ನಗುನಗುತ್ತಾ ಒಬ್ಬಟ್ಟು ತಿಂದವರನ್ನು ನೂರು ಜನ ನೋಡಿರುತ್ತಾರೆ. ಸೋಮವಾರ ಪರದೆ ಎಳೆದ ಕೋಣೆಯಲ್ಲಿ ಮಲಗಿದವರನ್ನು ನೋಡುವುದು ಮನೆಯವರು ಮಾತ್ರ.

ಮನೆಯವರಾದರೂ ನಂಬುತ್ತಾರೆಯೇ? ಈ ಕಾಯಿಲೆಯನ್ನು ಖಚಿತಪಡಿಸುವ ರಕ್ತಪರೀಕ್ಷೆ ಇನ್ನೂ ಇಲ್ಲ. ಥೈರಾಯ್ಡ್, ಬಿ-12, ಸಕ್ಕರೆ ಎಲ್ಲ ನಾರ್ಮಲ್ ಎಂದು ಬಂದ ದಿನ ರೋಗಿಗೆ ಸಮಾಧಾನವಾಗುವುದಿಲ್ಲ, ಭಯವಾಗುತ್ತದೆ: ಇನ್ನು ‘ಮನಸ್ಸು ಗಟ್ಟಿ ಮಾಡ್ಕೋ’ ಶುರು. ಅಮೆರಿಕದಲ್ಲಿ 8.36 ಲಕ್ಷದಿಂದ 25 ಲಕ್ಷ ಜನರಿಗೆ ಈ ಕಾಯಿಲೆ ಇರಬಹುದೆಂದು ಇಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2015ರಲ್ಲಿ ಅಂದಾಜಿಸಿತು. ಅವರಲ್ಲಿ ಬಹುಪಾಲು ಜನರಿಗೆ ರೋಗದ ಹೆಸರೇ ಸಿಕ್ಕಿಲ್ಲ ಎಂದೂ ಹೇಳಿತು.

ಹಾಗೆ ಹೆಸರು ಸಿಗದೆ ಒದ್ದಾಡಿದವರಲ್ಲಿ ಜೆನಿಫರ್ ಬ್ರಿಯಾ ಒಬ್ಬರು. ಅವರು ಹಾರ್ವರ್ಡ್‌ನಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಾಗ ಜ್ವರದಿಂದ ಆರಂಭವಾದದ್ದು ಅವರನ್ನು ಹಾಸಿಗೆಗೇ ಕೆಡವಿತು. ನರರೋಗ ತಜ್ಞರೊಬ್ಬರು ಇದು ಮನಸ್ಸಿನ ಆಟ ಎಂದರು. ಇರಲಿ, ಪರೀಕ್ಷಿಸಿಯೇ ಬಿಡೋಣ ಎಂದು ಆಕೆ ಅಲ್ಲಿಂದ ಎರಡು ಮೈಲಿ ನಡೆದೇ ಮನೆಗೆ ಬಂದರು. ಬಾಗಿಲು ದಾಟುತ್ತಲೇ ಕುಸಿದರು. ಹಾಸಿಗೆಯಲ್ಲಿದ್ದುಕೊಂಡೇ ಅವರು ನಿರ್ದೇಶಿಸಿದ ಸಾಕ್ಷ್ಯಚಿತ್ರ ‘ಅನ್‌ರೆಸ್ಟ್’ 2017ರಲ್ಲಿ ತೆರೆಕಂಡಿತು. ಅದರಲ್ಲೊಬ್ಬ ಗಂಡನಿದ್ದಾನೆ. ಹೆಂಡತಿಯ ಕಾಯಿಲೆ ನಿಜವಲ್ಲವೆಂದುಕೊಂಡು ಬಿಟ್ಟುಹೋದವನು. ಮುಂದೆ ಮಗಳಿಗೂ ಅದೇ ಬಂದಾಗ ತಿಳಿಯಿತು, ಹಿಂತಿರುಗಿದ. ಕೆಟ್ಟವನೇನಲ್ಲ. ವೈದ್ಯರ ಮಾತನ್ನು ಹೆಂಡತಿಯ ಮಾತಿಗಿಂತ ಹೆಚ್ಚು ನಂಬಿದ, ಅಷ್ಟೇ. ಆದರೆ ಆ ‘ಅಷ್ಟೇ’ಗೆ ಆಕೆ ಕೊಟ್ಟ ಬೆಲೆ ಸಣ್ಣದಲ್ಲ.

ನಮ್ಮ ಮನೆಗಳಲ್ಲಿ ಬಿಟ್ಟುಹೋಗುವವರಿಗಿಂತ ಬೆನ್ನು ಬಿಡದವರೇ ಹೆಚ್ಚು. ಊರಿನಿಂದ ವಿಡಿಯೋ ಕಾಲ್‌ನಲ್ಲಿ ಅಮ್ಮ: ‘ಬೆಳಿಗ್ಗೆ ಬೇಗ ಎದ್ದು ನಾಲ್ಕು ಹೆಜ್ಜೆ ಓಡಾಡು, ಎಲ್ಲ ಸರಿಹೋಗತ್ತೆ.’ ಅಮ್ಮನನ್ನು ದೂರುವಂತಿಲ್ಲ. ಹಂತಹಂತವಾಗಿ ವ್ಯಾಯಾಮ ಹೆಚ್ಚಿಸುತ್ತಾ ಹೋಗಿ ಎಂದು ವೈದ್ಯರೇ ವರ್ಷಗಟ್ಟಲೆ ಹೇಳುತ್ತಿದ್ದರು. ಚಿಕಿತ್ಸಾ ಮಾರ್ಗಸೂಚಿ ನೀಡುವ ಬ್ರಿಟನ್ನಿನ ‘ನೈಸ್’ ಸಂಸ್ಥೆ ಆ ಸಲಹೆಯನ್ನು ಕೈಬಿಟ್ಟದ್ದು 2021ರ ಅಕ್ಟೋಬರ್‌ನಲ್ಲಿ. ಈಗಿನ ಮಾತು ‘ಪೇಸಿಂಗ್’: ಇರುವ ಶಕ್ತಿಯೊಳಗೇ ದಿನ ತೂಗಿಸುವುದು, ಸುಸ್ತಾಗುವ ಮೊದಲೇ ನಿಲ್ಲಿಸುವುದು.

ಹಾಗಾಗಿ ಆರೈಕೆಯ ಅಭ್ಯಾಸಗಳೂ ಬದಲಾಗಬೇಕಾಗುತ್ತದೆ. ಸ್ಟ್ಯಾನ್‌ಫರ್ಡ್‌ನ ತಳಿವಿಜ್ಞಾನಿ ರಾನ್ ಡೇವಿಸ್ ಮತ್ತು ಪತ್ನಿ ಜಾನೆಟ್ ಡೇಫೋ ಅವರ ಮಗ ವಿಟ್ನಿ ಛಾಯಾಗ್ರಾಹಕ. ಅವರಿಗೂ ಇದೇ ಕಾಯಿಲೆ. ಅದು ಉಲ್ಬಣಿಸಿ ಮಾತು ನಿಂತಿತು, ಎದುರಿಗೆ ಯಾರಾದರೂ ಮಾತಾಡಿದರೂ ತಡೆಯದಾಯಿತು. ತಂದೆತಾಯಿ ಕೋಣೆಗೆ ಬಾಯಿಬಿಡದೆ ಹೋಗಿಬಂದರು, ಕೈಸನ್ನೆಯಲ್ಲೇ ಬೇಕುಬೇಡ ತಿಳಿದರು. ಡೇವಿಸ್ ತಮ್ಮ ಸಂಶೋಧನೆಯನ್ನೇ ಈ ರೋಗದತ್ತ ತಿರುಗಿಸಿದರು. ವಿಟ್ನಿ ಬರೆದ ಅನುಭವಕಥನ 2021ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂತು.

ಎಲ್ಲರ ರೋಗವೂ ಅಷ್ಟು ತೀವ್ರವಲ್ಲ. ಎಷ್ಟೋ ಮನೆಗಳಲ್ಲಿ ಬೇಕಾಗುವುದು ಸಣ್ಣಪುಟ್ಟದ್ದು. ಬಚ್ಚಲಿನಲ್ಲೊಂದು ಪ್ಲಾಸ್ಟಿಕ್ ಸ್ಟೂಲ್, ಏಕೆಂದರೆ ಕೈ ಎತ್ತಿ ನಿಂತು ತಲೆಸ್ನಾನ ಮಾಡಿದರೆ ಅಂದಿನ ಶಕ್ತಿ ಅಲ್ಲಿಗೇ ಮುಗಿಯಿತು. ಆರು ತಿಂಗಳ ವೀಸಾದಲ್ಲಿ ಬಂದ ಅಮ್ಮ ಒಗ್ಗರಣೆ ಹಾಕುವಾಗ ಮಲಗುವ ಕೋಣೆಯ ಬಾಗಿಲು ಮುಚ್ಚಿದರೆ ಅದೂ ಉಪಕಾರ, ಘಾಟು ತಡೆಯದವರಿದ್ದಾರೆ. ‘ಏನು ಬೇಕು ಹೇಳಿ’ ಎಂದರೆ ಯೋಚಿಸಿ ಉತ್ತರಿಸುವ ಕೆಲಸ ರೋಗಿಯ ತಲೆಗೇ ಬಂತು. ‘ಗುರುವಾರ ಸಾರು, ಪಲ್ಯ ಬಾಗಿಲಲ್ಲಿಟ್ಟು ಹೋಗ್ತೀನಿ, ಬೆಲ್ ಮಾಡಲ್ಲ, ಉತ್ತರ ಬರೀಬೇಡಿ’ ಎಂಬ ಗೆಳತಿಯ ವಾಟ್ಸಾಪ್ ಸಂದೇಶ ಎಷ್ಟೋ ಮೇಲು. ಕೈಯಾರೆ ಬಡಿಸದೆ, ಕೂತು ಹರಟದೆ ಹೋಗುವುದು ನಮ್ಮವರಿಗೆ ಸುಲಭವಲ್ಲ ಎನ್ನುವುದು ಬೇರೆ ಮಾತು.

ನೋಡಿಕೊಳ್ಳುವವರೂ ದಣಿಯುತ್ತಾರೆ. ಅಮೆರಿಕದಲ್ಲಿ ಎಫ್‌ಎಂಎಲ್‌ಎ ಕಾನೂನಿನಡಿ, ಐವತ್ತಕ್ಕಿಂತ ಕಡಿಮೆಯಿಲ್ಲದ ನೌಕರರಿರುವ ಕಂಪನಿಯಲ್ಲಿ ವರ್ಷ ತುಂಬಿಸಿದ ಅರ್ಹರಿಗೆ ವರ್ಷಕ್ಕೆ 12 ವಾರ ಸಂಬಳವಿಲ್ಲದ ರಜೆ ಸಿಗುತ್ತದೆ. ವೈದ್ಯಕೀಯ ಅಗತ್ಯವಿದ್ದರೆ ಅದನ್ನು ಬಿಡಿಬಿಡಿಯಾಗಿಯೂ ತೆಗೆದುಕೊಳ್ಳಬಹುದು. ಇಂದು ಎದ್ದು ನಾಳೆ ಬೀಳುವ ಈ ಕಾಯಿಲೆಗೆ ಅದು ತಕ್ಕ ಅನುಕೂಲ. ಆರೈಕೆಗೆಂದು ಸಿಗುವ ಈ ರಜೆ ಗಂಡ, ಹೆಂಡತಿ, ಮಕ್ಕಳು, ಹೆತ್ತವರಿಗಾಗಿ ಮಾತ್ರ. ಅತ್ತೆ, ಮಾವ ಪಟ್ಟಿಯಲ್ಲಿಲ್ಲ. ಅತ್ತೆಯ ಆರೈಕೆ ಸೊಸೆಯ ಪಾಲಿಗೆ ಬರುವುದು ನಮ್ಮಲ್ಲಿ ವಾಡಿಕೆಯಾದರೂ ಇಲ್ಲಿ ಅರ್ಜಿ ಹಾಕಬೇಕಾದವನು ಮಗ.