ನಾಲ್ಕು ಬಾಕ್ಸಿನ ಲೆಕ್ಕ

ಕುಣಿಗಲ್, ಗುಬ್ಬಿ ಕಡೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕವೆಂದರೆ ಊರಿಗೆ ನಿದ್ದೆಯಿಲ್ಲ. ದುರ್ಯೋಧನನ ಪಾತ್ರಕ್ಕೆ ಕೈಯಿಂದ ದುಡ್ಡು ಹಾಕುವ ರೈತರಿದ್ದಾರೆ. ಹಾರ್ಮೋನಿಯಂ ಮೇಷ್ಟ್ರು ಕೂತರೆ ಬೆಳಗಿನ ಜಾವದವರೆಗೆ ಕಂದ, ಸೀಸ ಪದ್ಯಗಳು. ಈಗ ಸ್ಟೇಜಿನ ಪಕ್ಕ ಆಳೆತ್ತರದ ಸ್ಪೀಕರ್ ಬಾಕ್ಸುಗಳು ಬಂದಿವೆ. ಪಕ್ಕದೂರಿನವರು ಎರಡು ಇಟ್ಟರೆ ನಮ್ಮವರಿಗೆ ನಾಲ್ಕು ಬೇಕು.

ಎರಡು ನಾಲ್ಕಾದರೆ ಗಾಳಿಗೆ ಸೇರುವ ಶಕ್ತಿ ಇಮ್ಮಡಿಯಾಗುತ್ತದೆ, ಇದು ಭೌತಶಾಸ್ತ್ರ. ಆದರೆ ಮನಸ್ಸಿಗೆ ಕೇಳುವುದು ಹೆಚ್ಚೆಂದರೆ ಕಾಲು ಪಾಲು ಜೋರು. ಇಮ್ಮಡಿ ಜೋರು ಎನಿಸಬೇಕಾದರೆ ಶಕ್ತಿ ಸುಮಾರು ಹತ್ತು ಪಟ್ಟಾಗಬೇಕು. ಇಪ್ಪತ್ತು ಬಾಕ್ಸು!

ಈ ಎರಡು ಲೆಕ್ಕಗಳನ್ನು ಜೋಡಿಸಲು ಹೊರಟವರು ಲೈಪ್‌ಜಿಗ್‌ನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಗುಸ್ತಾವ್ ಫೆಕ್ನರ್. ಬಣ್ಣದ ಗಾಜಿನ ಮೂಲಕ ಸೂರ್ಯನನ್ನು ನೋಡಿ ನೋಡಿ ಕಣ್ಣು ಕೆಡಿಸಿಕೊಂಡು, ಕತ್ತಲ ಕೋಣೆ ಸೇರಿದ್ದವರು. ಅನುಭವವನ್ನೂ ಅಳೆಯಬಹುದೆಂದು 1860ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಫೆಕ್ನರ್ ಅಲ್ಲಿ ಕೊಟ್ಟ ಸೂತ್ರವನ್ನು ಹಾರ್ವರ್ಡ್‌ನ ಸ್ಟೀವನ್ಸ್ 1950ರ ದಶಕದಲ್ಲಿ ತಿದ್ದಿದರು.

1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ, ಮುಂದೆ ವೀರಣ್ಣನವರು ನಾಡಿನಾಚೆಗೂ ಕೊಂಡೊಯ್ದ ನಾಟಕ ಕಂಪನಿಗೆ ಮೊದಲ ದಶಕಗಳಲ್ಲಿ ಮೈಕೆಲ್ಲಿತ್ತು? ಎತ್ತರದ ಶ್ರುತಿಯಲ್ಲಿ ಹಾಡಬೇಕಿತ್ತು. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಕಿವಿಗೆ ತಲುಪುವ ಶಕ್ತಿ ಕಾಲು ಪಾಲಿಗೆ ಇಳಿಯುತ್ತದೆ. ಮನಸ್ಸಿಗೆ ಮಾತ್ರ ಮೂರರಲ್ಲಿ ಎರಡು ಪಾಲು ಉಳಿಯುತ್ತದೆ. ಕಂಠದ ಕಸುವಿನ ಜತೆಗೆ ಕೇಳುಗರ ಮನಸ್ಸೂ ನಟರ ಪರವಾಗಿತ್ತು ಅನ್ನಿ.

ಮನಸ್ಸಿನ ಇದೇ ಉದಾರತನ ಈಗ ಮುಳುವಾಗಿದೆ. ಒಳಗಿವಿಯ ಸೂಕ್ಷ್ಮ ಕೋಶಗಳು ಮನಸ್ಸಿನ ಲೆಕ್ಕ ಕೇಳುವುದಿಲ್ಲ, ಶಕ್ತಿಯನ್ನೇ ಎಣಿಸುತ್ತವೆ. ಕೆಲಸಗಾರರಿಗಾಗಿ ತಜ್ಞರು ಹಾಕಿರುವ ಮಿತಿ 85 ಡೆಸಿಬಲ್‌ಗೆ ದಿನಕ್ಕೆ 8 ಗಂಟೆ. 3 ಡೆಸಿಬಲ್ ಏರಿದರೆ, ಅಂದರೆ ಬಾಕ್ಸು ಎರಡು ಹೋಗಿ ನಾಲ್ಕಾದರೆ, ಅದು 4 ಗಂಟೆ. 100 ಡೆಸಿಬಲ್ ಮುಟ್ಟಿದರೆ ಬರೀ 15 ನಿಮಿಷ. ‘ಸ್ವಲ್ಪ ಜೋರು, ಅಷ್ಟೇ’ ಎಂದು ಮನಸ್ಸು ಸಮಾಧಾನ ಹೇಳುವಷ್ಟರಲ್ಲಿ ಕಿವಿಗೆ ಆಗುವ ಪೆಟ್ಟು ಇಮ್ಮಡಿ. ಕಮಿಟಿಯವರು ಬಾಕ್ಸು ಇಳಿಸದಿದ್ದರೆ ಹೋಗಲಿ, ಚಾಪೆ ಹಾಸಿಕೊಂಡು ಮುಂದೆ ಕೂತ ಮಕ್ಕಳನ್ನಾದರೂ ಇಮ್ಮಡಿ ದೂರಕ್ಕೆ ಕಳಿಸಲಿ. ಶಕುನಿಯ ಪದ್ಯ ಅಲ್ಲಿಗೂ ಕೇಳುತ್ತದೆ.